38 ದಿನದ ಮಗುವಿನ ಎಡಗಣ್ಣಿನಲ್ಲಿ ಪೊರೆ: ಬಾಣಂತನ ಮುಗಿಯುವವರೆಗೆ ಕಾಯಬಹುದೇ?

ಪ್ರಶ್ನೆ: ಸೋದರಮಾವ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಬಾಣಂತನಕ್ಕೆಂದು ನಮ್ಮ ಮನೆಯಲ್ಲಿದ್ದಾಳೆ. ಅವಳ ಮಗಳಿಗೆ ಇಂದಿಗೆ 38 ದಿನ. ದಿನ ತುಂಬಿಯೇ ಹೆರಿಗೆಯಾಯಿತು, ಹುಟ್ಟಿದಾಗ ತೂಕ 2 ಕಿಲೋ 900 ಗ್ರಾಂ ಇತ್ತು, ಹಾಲು ಕುಡಿಯುವುದರಲ್ಲಾಗಲಿ ನಿದ್ದೆಯಲ್ಲಾಗಲಿ ಮಗುವಿಗೆ ಯಾವ ತೊಂದರೆಯೂ ಇಲ್ಲ. ಕಳೆದ ಭಾನುವಾರ ತೊಟ್ಟಿಲಿಗೆ ಹಾಕುವ ಶಾಸ್ತ್ರದ ಹೊತ್ತಿನಲ್ಲಿ ಮೊಬೈಲಿನ ಫ್ಲ್ಯಾಶ್ ಹಾಕಿ ತೆಗೆದ ಫೋಟೋಗಳನ್ನು ರಾತ್ರಿ ನೋಡುತ್ತಿದ್ದಾಗ, ಬಲಗಣ್ಣಿನ ಪಾಪೆ ಕೆಂಪಾಗಿ ಹೊಳೆಯುತ್ತಿದ್ದರೆ ಎಡಗಣ್ಣಿನ ನಡುವೆ ಮಜ್ಜಿಗೆಯ ಹನಿ ಬಿದ್ದಂತೆ ಬೂದುಬಿಳಿ ಚುಕ್ಕೆಯೊಂದು ಕಾಣಿಸಿತು. ಒಂದು ಫೋಟೋದಲ್ಲಿ ಮಾತ್ರ ಹಾಗಿದ್ದಿದ್ದರೆ ಬೆಳಕಿನ ಆಟ ಎಂದು ಬಿಟ್ಟುಬಿಡುತ್ತಿದ್ದೆವು, ನಾಲ್ಕರಲ್ಲೂ ಹಾಗೆಯೇ ಇತ್ತು. ಬಾಣಂತಿಯ ಕೋಣೆಗೆ ಮೊದಲ ದಿನದಿಂದಲೂ ಕಿಟಕಿ ಮುಚ್ಚಿ ಮಬ್ಬು ಬೆಳಕಿನಲ್ಲಿಯೇ ಇಟ್ಟಿದ್ದರಿಂದ ಅಲ್ಲಿಯವರೆಗೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮರುದಿನವೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಅಲ್ಲಿನ ಕಣ್ಣಿನ ವೈದ್ಯರು ಹನಿ ಹಾಕಿ ಪಾಪೆ ಅಗಲಿಸಿ ನೋಡಿ, ಎಡಗಣ್ಣಿನ ನಡುಭಾಗದಲ್ಲಿ ದಟ್ಟವಾದ ಪೊರೆಯಿದೆ, ಬಲಗಣ್ಣು ಸ್ವಚ್ಛವಾಗಿದೆ, ಈ ವಾರದೊಳಗೆ ಮಕ್ಕಳ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡುವ ಕಡೆಗೆ ಹೋಗಿ ಎಂದು ಬರೆದುಕೊಟ್ಟರು. ಮನೆಗೆ ಬಂದ ಮೇಲೆ ಚರ್ಚೆ ಶುರುವಾಯಿತು. ಬಾಣಂತಿಯನ್ನೂ ಮಗುವನ್ನೂ ಮೂರು ತಿಂಗಳು ತುಂಬುವ ಮೊದಲು ಇಷ್ಟು ದೂರ ಕಳಿಸುವುದು ಅಮ್ಮನಿಗೆ ಇಷ್ಟವಿಲ್ಲ. ಅಪ್ಪನಿಗೆ ಎರಡು ವರ್ಷದ ಹಿಂದೆ ಪೊರೆಯ ಆಪರೇಷನ್ ಆಗಿದೆ. ಅವರಿಗೆ ಮೊದಲು ತೋರಿಸಿದಾಗ "ಇನ್ನೂ ಬಲಿತಿಲ್ಲ, ಮುಂದಿನ ವರ್ಷ ಬನ್ನಿ" ಎಂದಿದ್ದರಂತೆ. ದೊಡ್ಡವರಿಗೇ ಕಾಯಲು ಹೇಳುವಾಗ ಹಸುಗೂಸಿಗೆ ಇಷ್ಟೇಕೆ ಅವಸರ, ಪೂರ್ತಿ ಅರಿವಳಿಕೆ ಕೊಟ್ಟರೆ ಮಗು ತಡೆದುಕೊಂಡೀತೇ, ಒಂದು ವರ್ಷ ತುಂಬಲಿ ಎಂಬುದು ಅವರ ವಾದ. ತಂಗಿಯ ಅತ್ತೆಯವರು ಬಸುರಿಯಲ್ಲಿ ಗ್ರಹಣ ನೋಡಿದ್ದರ ಫಲವಿದು ಎಂದು ಫೋನಿನಲ್ಲಿ ಹೇಳಿದ್ದಾರೆ. ಆ ಮಾತು ಕೇಳಿದಂದಿನಿಂದ ತಂಗಿ ಸರಿಯಾಗಿ ಊಟ ಮಾಡಿಲ್ಲ.

ನಿಜವಾಗಿಯೂ ಕಾಯುವಂತಿಲ್ಲವೇ? ಪೊರೆ ತೆಗೆದ ಮೇಲೆ ಅಪ್ಪನಿಗೆ ಹಾಕಿದಂತೆ ಮಗುವಿಗೂ ಒಳಗೆ ಲೆನ್ಸ್ ಹಾಕುತ್ತಾರೆಯೇ? ತಂಗಿಯ ತಪ್ಪು ಇದರಲ್ಲಿ ಏನಾದರೂ ಇದೆಯೇ? ಅನುಭವವಿದ್ದವರು ದಯವಿಟ್ಟು ಬೇಗ ತಿಳಿಸಿ.

ಉತ್ತರ: ಮಕ್ಕಳ ನೇತ್ರವೈದ್ಯೆ, ಹುಬ್ಬಳ್ಳಿ

ಮಗುವನ್ನು ನಾನು ನೋಡಿಲ್ಲ. ಆದ್ದರಿಂದ ಮುಂದಿನದನ್ನು ಸಾಮಾನ್ಯ ತಿಳಿವಳಿಕೆಯೆಂದು ಓದಿಕೊಂಡು, ಅಂತಿಮ ಮಾತನ್ನು ಪರೀಕ್ಷಿಸಿದ ವೈದ್ಯರಿಂದಲೇ ಕೇಳಬೇಕು. ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ಸುತ್ತು ಬಳಸದೆ ಹೇಳುತ್ತೇನೆ: ದಯವಿಟ್ಟು ಕಾಯಬೇಡಿ.

ತಂದೆಯವರ ಪೊರೆಯೂ ಈ ಕೂಸಿನ ಪೊರೆಯೂ ಹೆಸರಿಗೆ ಮಾತ್ರ ಒಂದೇ. ತಂದೆಯವರ ಮಿದುಳು ನೋಡುವುದನ್ನು ಎಳವೆಯಲ್ಲಿಯೇ ಕಲಿತು ಮುಗಿಸಿತ್ತು. ಮಂಜಾದ ಮಸೂರವನ್ನು ಇವತ್ತು ತೆಗೆದರೂ ಎರಡು ವರ್ಷ ಬಿಟ್ಟು ತೆಗೆದರೂ, ತೆಗೆದ ಮರುದಿನ ಹಳೆಯ ನೋಟ ಮರಳಿ ಬರುತ್ತದೆ. ಹುಟ್ಟಿದ ಮಗುವಿಗೆ ಮರಳಿ ಬರುವುದಕ್ಕೆ ಹಳೆಯ ನೋಟವೆಂಬುದು ಇಲ್ಲ. ಎರಡೂ ಕಣ್ಣುಗಳಿಂದ ಬರುವ ಸ್ಪಷ್ಟ ಚಿತ್ರಗಳನ್ನು ಆಧಾರವಾಗಿಟ್ಟುಕೊಂಡೇ ಮಿದುಳಿನ ದೃಷ್ಟಿಭಾಗದ ನರತಂತುಗಳು ಮೊದಲ ವಾರಗಳಲ್ಲಿ ತಮ್ಮ ಜೋಡಣೆಯನ್ನು ಮಾಡಿಕೊಳ್ಳುತ್ತವೆ. ಒಂದು ಕಣ್ಣಿನಿಂದ ಬರೀ ಮಂಜು ಬಂದರೆ ಆ ಕಣ್ಣಿಗೆ ಸಲ್ಲಬೇಕಾದ ಜಾಗವನ್ನು ಇನ್ನೊಂದು ಕಣ್ಣು ಆಕ್ರಮಿಸಿಕೊಳ್ಳುತ್ತದೆ. 1960ರ ದಶಕದಲ್ಲಿ ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಕೆಲವು ಕಾಲ ಮುಚ್ಚಿಟ್ಟು ಇದನ್ನೇ ತೋರಿಸಿದರು. ರೆಪ್ಪೆ ಬಿಚ್ಚಿದಾಗ ಕಣ್ಣು ಸರಿಯಾಗಿಯೇ ಇತ್ತು, ಮಿದುಳು ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟಿತ್ತು. ದೊಡ್ಡ ಬೆಕ್ಕುಗಳಲ್ಲಿ ಹಾಗೆ ಆಗಲಿಲ್ಲ. ಅವರ ಈ ಕೆಲಸಗಳಿಗೆ 1981ರಲ್ಲಿ ನೊಬೆಲ್ ಬಂತು. ಹೀಗೆ ಬಳಕೆಯಿಂದ ಹೊರಗುಳಿದ ಕಣ್ಣಿನ ಸ್ಥಿತಿಯನ್ನು ಮಂದದೃಷ್ಟಿ ಎನ್ನುತ್ತೇವೆ, ಆಡುಮಾತಿನಲ್ಲಿ ಸೋಮಾರಿ ಕಣ್ಣು.

ಈ ಕಾರಣದಿಂದ, ಒಂದೇ ಕಣ್ಣಿನಲ್ಲಿ ದಟ್ಟ ಪೊರೆಯಿದ್ದರೆ ಹುಟ್ಟಿದ 4ರಿಂದ 6 ವಾರಗಳ ನಡುವೆ, ಎರಡೂ ಕಣ್ಣಿನಲ್ಲಿದ್ದರೆ 6ರಿಂದ 8 ವಾರಗಳ ಹೊತ್ತಿಗೆ ಶಸ್ತ್ರಚಿಕಿತ್ಸೆ ಮಾಡುವುದು ಒಳ್ಳೆಯದೆಂಬುದು ಇಂದಿನ ರೂಢಿ. 4 ವಾರಕ್ಕಿಂತ ಮೊದಲೇ ಮಾಡಿದರೆ ಮುಂದೆ ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾದ ಅಪಾಯ ಹೆಚ್ಚು, ಹಾಗಾಗಿ ಹುಟ್ಟಿದ ದಿನವೇ ಮಾಡುವುದಿಲ್ಲ. ನಿಮ್ಮ ಮಗುವಿಗೆ 6 ವಾರ ತುಂಬಲು 4 ದಿನ ಉಳಿದಿದೆ. ಆ ದಿನ ದಾಟಿದ ತಕ್ಷಣ ಬಾಗಿಲು ಮುಚ್ಚಿತೆಂದು ತಿಳಿಯಬೇಕಾಗಿಲ್ಲ, ಆದರೆ ಮೂರು ತಿಂಗಳೆಂದರೆ ತುಂಬ ತಡ, ಒಂದು ವರ್ಷವೆಂದರೆ ಆ ಕಣ್ಣಿನಲ್ಲಿ ಉಪಯುಕ್ತ ದೃಷ್ಟಿಯ ಆಸೆಯನ್ನು ಬಹುಮಟ್ಟಿಗೆ ಬಿಟ್ಟಂತೆ.

"ಬಲಿಯಲಿ" ಎಂಬ ಮಾತನ್ನು ಹಿರಿಯರ ವಿಷಯದಲ್ಲಿಯೂ ನಾವೀಗ ಹೇಳುವುದು ಕಡಿಮೆ. ಮಕ್ಕಳಲ್ಲಂತೂ ಅದಕ್ಕೆ ಅರ್ಥವೇ ಇಲ್ಲ. ವಯಸ್ಸಾದವರ ಮಸೂರ ಒಣಕೊಬ್ಬರಿಯಂತೆ ಗಟ್ಟಿಯಾಗಿದ್ದರೆ ಕೂಸಿನ ಮಸೂರ ಎಳನೀರಿನ ಗಂಜಿಯಂತೆ ಮೆತ್ತಗಿರುತ್ತದೆ. ಕಣ್ಣಿನ ಅಂಚಿನಲ್ಲಿ ಎರಡು ಸಣ್ಣ ರಂಧ್ರ ಮಾಡಿ, ಸೂಜಿಯಂಥ ಉಪಕರಣದಿಂದ ಅದನ್ನು ಕತ್ತರಿಸುತ್ತಲೇ ಹೀರಿ ತೆಗೆಯುತ್ತೇವೆ. ಹಿರಿಯರಲ್ಲಿ ಮಸೂರದ ಚೀಲದ ಹಿಂಬದಿಯ ತೆಳುಪದರವನ್ನು ಹಾಗೆಯೇ ಉಳಿಸುತ್ತೇವೆ. ಮಕ್ಕಳಲ್ಲಿ ಅದನ್ನು ಉಳಿಸಿದರೆ ಕೆಲವೇ ವಾರಗಳಲ್ಲಿ ಅದರ ಮೇಲೆ ಮತ್ತೆ ಮಸುಕು ಕಟ್ಟುತ್ತದೆ. ಆದ್ದರಿಂದ ಅದರ ನಡುವೆ ಕಿಂಡಿಯೊಂದನ್ನು ಮಾಡಿ, ಅದರ ಹಿಂದಿರುವ ವಿಟ್ರಿಯಸ್ ಎಂಬ ಲೋಳೆಯನ್ನೂ ಸ್ವಲ್ಪ ತೆಗೆದು, ಗಾಯಕ್ಕೆ ಕೂದಲಿಗಿಂತ ತೆಳುವಾದ ದಾರದ ಹೊಲಿಗೆ ಹಾಕುತ್ತೇವೆ.

ಅರಿವಳಿಕೆಯ ಬಗ್ಗೆ ಹಿರಿಯರ ಹೆದರಿಕೆ ಸಹಜವಾದುದೇ. ಎಳೆಯ ಮಕ್ಕಳಿಗೆ ಅರಿವಳಿಕೆ ಕೊಡುವ ಅಭ್ಯಾಸವಿರುವ ತಜ್ಞರೂ ನವಜಾತ ಶಿಶುಗಳ ಆರೈಕೆಯ ವ್ಯವಸ್ಥೆಯೂ ಇರುವ ಕಡೆಗೇ ಹೋಗಬೇಕೆಂದು ಹೇಳುವುದು ಇದಕ್ಕಾಗಿ. ಹರ್ನಿಯಾ ಶಸ್ತ್ರಚಿಕಿತ್ಸೆಗೆ ಬಂದ 722 ಹಸುಗೂಸುಗಳನ್ನು ಹಲವು ದೇಶಗಳಲ್ಲಿ ಅಧ್ಯಯನ ಮಾಡಿ, ಒಂದು ತಾಸಿಗಿಂತ ಕಡಿಮೆ ಅವಧಿಯ ಒಂದು ಬಾರಿಯ ಪೂರ್ಣ ಅರಿವಳಿಕೆಯಿಂದ 5 ವರ್ಷದ ಹೊತ್ತಿಗೆ ಬುದ್ಧಿ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು 2019ರಲ್ಲಿ ವರದಿಯಾಗಿದೆ. ಇದನ್ನು ತಂದೆಯವರಿಗೆ ಓದಿ ಹೇಳಿ.

ಇನ್ನು ಒಳಗೆ ಹಾಕುವ ಲೆನ್ಸಿನ ವಿಷಯ. ಹುಟ್ಟಿದಾಗ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿಲಿಮೀಟರ್, ಬೆಳೆದವರಲ್ಲಿ ಸುಮಾರು 23ರಿಂದ 24. ಈ ಬೆಳವಣಿಗೆಯ ಹೆಚ್ಚಿನ ಪಾಲು ಮೊದಲ ಎರಡು ವರ್ಷಗಳಲ್ಲಿಯೇ ಆಗುತ್ತದೆ. ಇಂದು ಲೆಕ್ಕ ಹಾಕಿ ಕೂರಿಸಿದ ಲೆನ್ಸು, ನಾಮಕರಣಕ್ಕೆ ಹೊಲಿಸಿದ ಅಂಗಿ ಶಾಲೆಗೆ ಸೇರುವಾಗ ಆಗದಿರುವಂತೆ, ಮುಂದೆ ಹೊಂದುವುದಿಲ್ಲ. ಅಮೆರಿಕದಲ್ಲಿ ಒಂದೇ ಕಣ್ಣಿನಲ್ಲಿ ಪೊರೆಯಿದ್ದ 114 ಶಿಶುಗಳನ್ನು ಎರಡು ಗುಂಪು ಮಾಡಿ, ಅರ್ಧದಷ್ಟು ಮಕ್ಕಳಿಗೆ ಒಳಗೆ ಲೆನ್ಸು ಹಾಕಿ, ಉಳಿದವರಿಗೆ ಹೊರಗಿನ ಕಾಂಟ್ಯಾಕ್ಟ್ ಲೆನ್ಸು ಕೊಟ್ಟು ವರ್ಷಗಳ ಕಾಲ ಗಮನಿಸಿದರು. ನಾಲ್ಕೂವರೆ ವರ್ಷದ ಹೊತ್ತಿಗೆ ಎರಡೂ ಗುಂಪುಗಳ ದೃಷ್ಟಿ ಒಂದೇ ಮಟ್ಟದಲ್ಲಿತ್ತು, ಆದರೆ ಒಳಗೆ ಲೆನ್ಸು ಹಾಕಿಸಿಕೊಂಡವರಲ್ಲಿ ಹೆಚ್ಚಿನವರು ಮತ್ತೆ ಶಸ್ತ್ರಚಿಕಿತ್ಸೆಯ ಮೇಜಿಗೆ ಬರಬೇಕಾಯಿತು. ಆದ್ದರಿಂದ ಏಳು ತಿಂಗಳೊಳಗಿನ ಮಕ್ಕಳಲ್ಲಿ ಬಹುತೇಕ ಈಗ ಲೆನ್ಸು ಹಾಕದೆ ಬಿಟ್ಟು, ಕಣ್ಣು ಬೆಳೆದ ಮೇಲೆ ಎರಡನೆಯ ಬಾರಿಗೆ ಹಾಕುವುದೇ ವಾಡಿಕೆ.

ಶಸ್ತ್ರಚಿಕಿತ್ಸೆಗೆ ಮೊದಲು ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಲೇಬೇಕು. ಬಿಳಿ ಪಾಪೆಯೆಲ್ಲ ಪೊರೆಯಲ್ಲ. ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನೊಳಗಿನ ಕ್ಯಾನ್ಸರ್ ಗಡ್ಡೆಯೂ ಫೋಟೋದಲ್ಲಿ ಹೀಗೆಯೇ ಹೊಳೆಯಬಹುದು. ನಿಮ್ಮ ವೈದ್ಯರು ಮಸೂರದಲ್ಲಿಯೇ ಪೊರೆ ಕಂಡಿರುವುದು ಸಮಾಧಾನದ ಸಂಗತಿಯಾದರೂ, ಪೊರೆಯ ಹಿಂದೆ ಏನಿದೆಯೆಂದು ನೋಡಲು ಬಿ-ಸ್ಕ್ಯಾನ್ ಎಂಬ ಅಲ್ಟ್ರಾಸೌಂಡ್ ಮಾಡಿಯೇ ಮಾಡುತ್ತಾರೆ. ಒಂದು ಕಣ್ಣಿನ ಪೊರೆಯಲ್ಲಿ ಸಾಮಾನ್ಯವಾಗಿ ಸಿಗುವ ಕಾರಣವೂ ಆ ಸ್ಕ್ಯಾನಿನಲ್ಲಿ ಕಾಣಬಹುದು: ಗರ್ಭದಲ್ಲಿ ಮಸೂರಕ್ಕೆ ರಕ್ತ ಒದಗಿಸುತ್ತಿದ್ದ ನಾಳಗಳು ಹೆರಿಗೆಗೆ ಮೊದಲು ಕರಗಿಹೋಗಬೇಕು, ಕೆಲವು ಮಕ್ಕಳಲ್ಲಿ ಒಂದು ಕಣ್ಣಿನಲ್ಲಿ ಅವು ಉಳಿದುಬಿಡುತ್ತವೆ. ಎಷ್ಟೋ ಮಕ್ಕಳಲ್ಲಿ ಅದೂ ಇರುವುದಿಲ್ಲ, ಯಾವ ಕಾರಣವೂ ಸಿಗುವುದಿಲ್ಲ.

ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ತಾಯಿ ಮಾಡಿದ ಯಾವ ತಪ್ಪಿನಿಂದಲೂ ಇದು ಬಂದಿಲ್ಲ. ತಂಗಿಗೆ ಈ ಎರಡು ಸಾಲುಗಳನ್ನು ನೀವೇ ಓದಿ ಹೇಳಿ, ಅತ್ತೆಯವರಿಗೆ ಬೇಕಾದರೆ ವೈದ್ಯರಿಂದ ಹೇಳಿಸಿ.

ಉತ್ತರ: ಮಂಡಕ್ಕಿ ಅಮ್ಮ, ದಾವಣಗೆರೆ

ತಂಗಿಯ ಜಾಗದಲ್ಲಿ ಒಂಬತ್ತು ವರ್ಷದ ಹಿಂದೆ ನಾನಿದ್ದೆ. ನನ್ನ ಮಗಳದೂ ಎಡಗಣ್ಣೇ. ನಮ್ಮಲ್ಲಿ ಪೊರೆ ಗೊತ್ತಾದದ್ದು ಎರಡನೇ ತಿಂಗಳಿನಲ್ಲಿ. ಮೊದಲು ತೋರಿಸಿದ ಒಂದು ಕಡೆ ಆರು ತಿಂಗಳಾಗಲಿ ಎಂದು ಕಳಿಸಿದರು, ಇನ್ನೊಬ್ಬರ ಮಾತು ಕೇಳಿ ಬೇರೆಡೆ ಹೋಗಿ ಆಪರೇಷನ್ ಮಾಡಿಸುವ ಹೊತ್ತಿಗೆ 13 ವಾರವಾಗಿತ್ತು. ಇಂದು ಆ ಕಣ್ಣಿನಿಂದ ಅವಳು 6/36 ಸಾಲಿನವರೆಗೆ ಓದುತ್ತಾಳೆ, ಅಂದರೆ ಕಣ್ಣು ಸರಿಯಿರುವವರು 36 ಮೀಟರ್ ದೂರದಿಂದ ಓದುವ ಅಕ್ಷರವನ್ನು ಅವಳು 6 ಮೀಟರಿನಿಂದ ಓದುತ್ತಾಳೆ. ಬಲಗಣ್ಣು 6/6. ಆ ಏಳು ವಾರ ಮುಂಚೆ ಆಗಿದ್ದಿದ್ದರೆ ಎಷ್ಟಿರುತ್ತಿತ್ತೋ ಎಂದು ಪ್ರತಿ ತಪಾಸಣೆಯ ದಿನವೂ ನೆನಪಾಗುತ್ತದೆ.

ಡಾಕ್ಟರಮ್ಮ ಮೇಲೆ ಬರೆದಿರುವುದು ಆಪರೇಷನ್ನಿನ ವಿಷಯ. ಅದು ಒಂದು ಬೆಳಗಿನಲ್ಲಿ ಮುಗಿಯುತ್ತದೆ. ಅದರ ನಂತರದ ಆರೇಳು ವರ್ಷದ ಕೆಲಸ ಮನೆಯದು. ಒಳ್ಳೆಯ ಕಣ್ಣಿನ ಮೇಲೆ ದಿನವೂ ಕೆಲವು ತಾಸು ಪಟ್ಟಿ ಅಂಟಿಸಿ, ಆಪರೇಷನ್ ಆದ ಕಣ್ಣಿನಿಂದಲೇ ನೋಡುವಂತೆ ಮಾಡಬೇಕು. ನಮಗೆ ಹೇಳಿದ್ದ ಲೆಕ್ಕ ಹೀಗಿತ್ತು: ಮಗುವಿಗೆ ಎಷ್ಟು ತಿಂಗಳೋ ದಿನಕ್ಕೆ ಅಷ್ಟು ತಾಸು, ಎಂಟು ತಿಂಗಳು ತುಂಬಿದ ಮೇಲೆ ಎಚ್ಚರವಿರುವ ಹೊತ್ತಿನ ಅರ್ಧ. ನಿಮ್ಮ ಮಗುವಿಗೆ ಎಷ್ಟೆಂಬುದನ್ನು ನಿಮ್ಮ ವೈದ್ಯರೇ ಹೇಳುತ್ತಾರೆ. ಹಾಲು ಕುಡಿಯುತ್ತ ನಿದ್ದೆ ಹೋಗುವ ವಯಸ್ಸಿನಲ್ಲಿ ಪಟ್ಟಿ ಹಚ್ಚುವುದು ಕಷ್ಟವಲ್ಲ. ಏಳನೇ ತಿಂಗಳಿನಲ್ಲಿ ಬೆರಳುಗಳಿಗೆ ಹಿಡಿತ ಬಂದ ದಿನ ಅವಳು ಪಟ್ಟಿಯ ಅಂಚನ್ನು ಹುಡುಕಿ ಒಂದೇ ಎಳೆತಕ್ಕೆ ಕಿತ್ತು, ಅದನ್ನು ನೋಡಿ ನಕ್ಕಳು. ಅಂದಿನಿಂದ ಯುದ್ಧ. ಕೈಗೆ ಬಟ್ಟೆಯ ಚೀಲ ಕಟ್ಟಿದೆವು, ಮೊಣಕೈ ಮಡಿಸಲಾಗದಂತೆ ರಟ್ಟಿನ ಸುರುಳಿ ತೊಡಿಸಿದೆವು. ಒಂದೂವರೆ ವರ್ಷದವಳಾದಾಗ ಪಟ್ಟಿಗಳ ಪೊಟ್ಟಣವನ್ನೇ ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದಳು.

ಕೊನೆಗೆ ನಮಗೆ ಒದಗಿ ಬಂದದ್ದು ಮಂಡಕ್ಕಿ. ಮೊದಲ ದಿನ ಬಿಳಿಯ ಪ್ಲಾಸ್ಟಿಕ್ ತಟ್ಟೆಯಲ್ಲಿ ಹಾಕಿಕೊಟ್ಟಾಗ ಅವಳು ತಟ್ಟೆಯನ್ನು ಸುಮ್ಮನೆ ಸವರಿದಳು. ಅದೇ ಮಂಡಕ್ಕಿಯನ್ನು ದೋಸೆಯ ಹಳೆಯ ಕಪ್ಪು ಕಾವಲಿಯ ಮೇಲೆ ಹರಡಿದಾಗ, ತಲೆಯನ್ನು ತೀರಾ ಬಗ್ಗಿಸಿ, ಮೂಗು ಕಾವಲಿಗೆ ತಾಗುವಷ್ಟು ಹತ್ತಿರ ತಂದು, ಒಂದು ಕಾಳನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡಳು. ಆಮೇಲೆ ಇನ್ನೊಂದು. ಪಟ್ಟಿ ಹಚ್ಚಿದ ಮೇಲೆಯೇ ಮಂಡಕ್ಕಿ ಎಂಬ ಕಟ್ಟುನಿಟ್ಟು ಮಾಡಿದೆವು. ತಿಂಗಳು ಕಳೆದಂತೆ ಕಾಳುಗಳನ್ನು ದೂರ ದೂರ ಹರಡಿದೆವು, ಕಾವಲಿಯ ಬದಲು ಬೂದು ಬಣ್ಣದ ತಟ್ಟೆ ತಂದೆವು, ಆಮೇಲೆ ಸಾಸಿವೆ ಬೆರೆಸಿ ಆರಿಸಲು ಕೊಟ್ಟೆವು. ಇವೆಲ್ಲ ಯಾರೂ ಹೇಳಿಕೊಟ್ಟದ್ದಲ್ಲ. ಹೇಳಿಕೊಟ್ಟಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಪಟ್ಟಿ ಹಚ್ಚಿದ ತಾಸುಗಳನ್ನು ಗೋಡೆಯ ಕ್ಯಾಲೆಂಡರಿನ ಆಯಾ ತಾರೀಖಿನ ಚೌಕದಲ್ಲಿ ಬರೆಯಿರಿ. ಇವತ್ತು ನೆಗಡಿ, ನಾಳೆ ಮದುವೆ ಎಂದು ಬಿಟ್ಟುಬಿಟ್ಟ ದಿನಗಳು ಎಷ್ಟು ಬೇಗ ಗುಡ್ಡೆಯಾಗುತ್ತವೆಂಬುದು ಬರೆದಿಟ್ಟರೆ ಮಾತ್ರ ಗೊತ್ತಾಗುತ್ತದೆ. ನಮ್ಮ ಮೈದುನನ ಮದುವೆಯಲ್ಲಿ ಫೋಟೋಕ್ಕಾಗಿ ಪಟ್ಟಿ ತೆಗೆಯಿರಿ ಎಂದು ನಾಲ್ಕು ಜನ ಹಿರಿಯರು ಹೇಳಿದರು. ನಮ್ಮ ಅತ್ತೆಯವರು, ಮೊದಮೊದಲು ಆಪರೇಷನ್ನಿಗೇ ಒಪ್ಪದಿದ್ದವರು, ಅಂದು ಮಗುವನ್ನು ಎತ್ತಿಕೊಂಡು "ಪಟ್ಟಿ ಸಮೇತ ತೆಗೆಯಿರಿ, ಇಲ್ಲವಾದರೆ ಬಿಡಿ" ಎಂದರು. ಆ ಫೋಟೋ ಈಗಲೂ ನಡುಮನೆಯಲ್ಲಿದೆ.

ಉತ್ತರ: ದೃಷ್ಟಿ ಪರೀಕ್ಷಕ, ಮಂಗಳೂರು

ಕನ್ನಡಕದ ಅಂಗಡಿಗೂ ಆಸ್ಪತ್ರೆಗೂ ನಡುವೆ ಕೆಲಸ ಮಾಡುವ ನನ್ನಂಥವರ ಪಾಲಿನದನ್ನು ಸ್ವಲ್ಪ ಸೇರಿಸುತ್ತೇನೆ. ಮಸೂರವಿಲ್ಲದ ಕೂಸಿನ ಕಣ್ಣಿಗೆ ಸಾಮಾನ್ಯವಾಗಿ ಪ್ಲಸ್ 20ರಿಂದ 30ರವರೆಗಿನ ಪವರ್ ಬೇಕಾಗುತ್ತದೆ. ಕೂಸಿನ ಲೋಕವೆಲ್ಲ ಕೈಗೆಟಕುವಷ್ಟು ದೂರದಲ್ಲಿಯೇ ಇರುವುದರಿಂದ, ಅಮ್ಮನ ಮುಖ ಸ್ಪಷ್ಟವಾಗಲೆಂದು ಇನ್ನೂ ಎರಡು ಮೂರು ಪವರ್ ಹೆಚ್ಚಿಗೆ ಕೊಡುತ್ತೇವೆ. ಶಾಲೆಗೆ ಸೇರುವ ಮುಂಚೆ ಅದು ದೂರಕ್ಕೊಂದು, ಹತ್ತಿರಕ್ಕೊಂದು ಪವರ್ ಇರುವ ಕನ್ನಡಕವಾಗುತ್ತದೆ.

ಒಂದು ಕಣ್ಣಿಗೆ ಮಾತ್ರ ಇಷ್ಟು ಪವರಿನ ಕನ್ನಡಕ ಕೊಟ್ಟರೆ ಆ ಕಣ್ಣಿನ ಚಿತ್ರ ಇನ್ನೊಂದರದ್ದಕ್ಕಿಂತ ಕಾಲು ಭಾಗಕ್ಕೂ ಹೆಚ್ಚು ದೊಡ್ಡದಾಗಿ ಕಾಣುವುದರಿಂದ, ಎರಡು ಚಿತ್ರಗಳು ಕೂಡಿಕೊಳ್ಳುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸಿನಲ್ಲಿ ಈ ವ್ಯತ್ಯಾಸ ಬಹಳ ಕಡಿಮೆ, ಆದ್ದರಿಂದ ಒಂದೇ ಕಣ್ಣಿನಲ್ಲಿ ಪೊರೆಯಿದ್ದ ಮಕ್ಕಳಿಗೆ ಪುಸ್ತಕದ ಪ್ರಕಾರ ಅದೇ ಉತ್ತಮ. ಪುಸ್ತಕ ಬರೆದವರು ನಮ್ಮ ಮಳೆಗಾಲದ ಬಚ್ಚಲುಮನೆಯಲ್ಲಿ ಕೂಸಿನ ಕಣ್ಣಿಗೆ ಲೆನ್ಸು ಹಾಕಿ ತೆಗೆದಿಲ್ಲವೆಂದು ನನಗೆ ಅನ್ನಿಸುವುದುಂಟು. ಕಣ್ಣುಜ್ಜಿದಾಗ ಲೆನ್ಸು ಬಿದ್ದುಹೋಗುತ್ತದೆ, ಅದು ಅಗ್ಗದ್ದಲ್ಲ, ಕೈ ಸ್ವಚ್ಛವಿಲ್ಲದಿದ್ದರೆ ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ಸೋಂಕು ತಗಲಿ ಅಷ್ಟಿಷ್ಟು ಕಾಣುವ ಕಣ್ಣೂ ಕೆಟ್ಟೀತು. ಮನೆಯವರಿಗೆ ಧೈರ್ಯವೂ ಅಚ್ಚುಕಟ್ಟುತನವೂ ಇದ್ದರೆ ಕಾಂಟ್ಯಾಕ್ಟ್ ಲೆನ್ಸು, ಇಲ್ಲದಿದ್ದರೆ ಸಂಕೋಚವಿಲ್ಲದೆ ಕನ್ನಡಕ. ಒಳ್ಳೆಯ ಕಣ್ಣಿಗೆ ಪಟ್ಟಿಯಿದ್ದಾಗ ಚಿತ್ರದ ಗಾತ್ರದ ಜಗಳ ಏಳುವುದೇ ಇಲ್ಲವಾದ್ದರಿಂದ ಪಟ್ಟಿಯ ಹೊತ್ತಿನಲ್ಲಿ ಕನ್ನಡಕವೂ ಪೂರ್ಣ ಕೆಲಸ ಮಾಡುತ್ತದೆ. ಕಿವಿಯ ಹಿಂದೆ ಕೊಕ್ಕೆಯಿರುವ ಚೌಕಟ್ಟು ಬೇಡ, ತಲೆಯ ಹಿಂದೆ ಎಲಾಸ್ಟಿಕ್ ಪಟ್ಟಿಯಿರುವ ಮೆತ್ತನೆಯ ಚೌಕಟ್ಟನ್ನೇ ಕೇಳಿ. ಪವರ್ ಪದೇ ಪದೇ ಇಳಿಯುತ್ತ ಹೋಗುತ್ತದೆ, ಹೊಸ ಕನ್ನಡಕ ಬರೆದುಕೊಟ್ಟಾಗ ಹಳೆಯದು ಚೆನ್ನಾಗಿದೆಯಲ್ಲ ಎಂದು ಮುಂದೂಡಬೇಡಿ.

ಉತ್ತರ: ಹೆಸರು ಬೇಡ, ಮೈಸೂರು

ಯಾರೂ ತಪ್ಪು ತಿಳಿಯಬಾರದು. ಮಗುವಿನ ಬಲಗಣ್ಣು ಚೆನ್ನಾಗಿದೆ. ಒಂದು ಕಣ್ಣಿನಿಂದ ಓದಿ ಬರೆದು ಉದ್ಯೋಗ ಮಾಡುವವರು ಎಷ್ಟೋ ಜನರಿದ್ದಾರೆ. ಮೇಲಿನ ತಾಯಿಯವರೇ ಬರೆದಂತೆ ವರ್ಷಗಟ್ಟಲೆ ಹೋರಾಡಿದರೂ 6/36 ಬಂತು. ಹೀಗಿರುವಾಗ ಮಗುವಿಗೂ ಮನೆಯವರಿಗೂ ಇಷ್ಟು ಹಿಂಸೆ ಅಗತ್ಯವೇ?

ಉತ್ತರ: ಮಕ್ಕಳ ನೇತ್ರವೈದ್ಯೆ, ಹುಬ್ಬಳ್ಳಿ

ಇದು ತಪ್ಪಾದ ಪ್ರಶ್ನೆಯಲ್ಲ, ನಮ್ಮ ವೃತ್ತಿಯವರೂ ತಮ್ಮ ತಮ್ಮಲ್ಲಿ ಕೇಳಿಕೊಳ್ಳುವ ಪ್ರಶ್ನೆ. ನಾನು ಹೇಳಿದ ಅಮೆರಿಕದ ಅಧ್ಯಯನದಲ್ಲಿ, ಅಷ್ಟು ಅಚ್ಚುಕಟ್ಟಿನ ಆರೈಕೆಯ ನಡುವೆಯೂ, ಸುಮಾರು ಅರ್ಧದಷ್ಟು ಮಕ್ಕಳ ಶಸ್ತ್ರಚಿಕಿತ್ಸೆಯಾದ ಕಣ್ಣಿನ ದೃಷ್ಟಿ 6/60 ಅಥವಾ ಅದಕ್ಕಿಂತ ಕೆಳಗೇ ಉಳಿಯಿತು. ತಂದೆತಾಯಿಯರಿಂದ ಈ ಅಂಕಿಯನ್ನು ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ. ಉಳಿದ ಅರ್ಧದಲ್ಲಿ ತುಂಬ ಚೆನ್ನಾಗಿ ಕಾಣುವ ಮಕ್ಕಳೂ ಇದ್ದಾರೆ, ಯಾವ ಮಗು ಯಾವ ಅರ್ಧಕ್ಕೆ ಸೇರುತ್ತದೆಂದು 38ನೇ ದಿನ ಹೇಳಲು ಬರುವುದಿಲ್ಲ. ಬೇಗ ಶಸ್ತ್ರಚಿಕಿತ್ಸೆ ಮಾಡಿಸಿದವರಿಗೆ ಮತ್ತು ಪಟ್ಟಿಯನ್ನು ಬಿಡದೆ ಹಚ್ಚಿದವರಿಗೆ ಸಾಧ್ಯತೆ ಹೆಚ್ಚು. 6/36 ಎಂಬುದೂ ಶೂನ್ಯವಲ್ಲ: ಮುಂದೆಂದೋ ಬಲಗಣ್ಣಿಗೆ ಪೆಟ್ಟಾದರೆ ಯಾರ ಕೈಯನ್ನೂ ಹಿಡಿಯದೆ ಓಡಾಡುವಷ್ಟು ನೋಟ ಅದು. ಹಾಗೆಯೇ ಪೊರೆ ತೀರಾ ತಡವಾಗಿ ಗೊತ್ತಾದ ಮಕ್ಕಳಲ್ಲಿ, ಲಾಭ ಕಡಿಮೆಯೆಂದು ಕಂಡಾಗ, ಶಸ್ತ್ರಚಿಕಿತ್ಸೆ ಬೇಡವೆಂದು ನಾನೇ ಹೇಳಿದ್ದುಂಟು. ಈ ಮಗು ಆ ಗುಂಪಿಗೆ ಸೇರಿದ್ದಲ್ಲ, ಇನ್ನೂ ಸಮಯವಿದೆ.

ಎರಡೂ ಕಣ್ಣಿನಲ್ಲಿ ಪೊರೆಯಿರುವ ಮಕ್ಕಳ ಲೆಕ್ಕ ಬೇರೆ. ಅಲ್ಲಿ ಎರಡು ಕಣ್ಣುಗಳ ನಡುವೆ ಪೈಪೋಟಿಯಿಲ್ಲವಾದ್ದರಿಂದ ಫಲವೂ ಉತ್ತಮ, ತಡವಾಗಿ ಬಂದವರನ್ನೂ ಕೈಬಿಡುವಂತಿಲ್ಲ. ಮಿದುಳು ವಿಜ್ಞಾನಿ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ಎಂಬ ಯೋಜನೆ ನಮ್ಮ ದೇಶದಲ್ಲಿ ಹುಟ್ಟಿನಿಂದ ಕಾಣದೆ ಬೆಳೆದ ಮಕ್ಕಳನ್ನು ಹುಡುಕಿ ದೆಹಲಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿತು. 8ರಿಂದ 17 ವರ್ಷದ ಐವರು ಮಕ್ಕಳ ಬಗ್ಗೆ 2011ರಲ್ಲಿ ಪ್ರಕಟವಾದ ವರದಿ ನನಗೆ ಬಹಳ ಇಷ್ಟವಾದದ್ದು. ನೋಟ ಬಂದ ಮೊದಲ ಎರಡು ದಿನಗಳಲ್ಲಿ ಅವರಿಗೆ, ಕೈಯಲ್ಲಿ ಮುಟ್ಟಿ ನೋಡಿದ ಆಟಿಕೆ ಕಣ್ಣೆದುರಿನ ಎರಡರಲ್ಲಿ ಯಾವುದೆಂದು ಗುರುತಿಸಲು ಆಗಲಿಲ್ಲ, ಊಹೆಗಿಂತ ಹೆಚ್ಚೇನೂ ಸರಿಹೊಂದಲಿಲ್ಲ. ಕೆಲವರನ್ನು ಕೆಲವೇ ದಿನ ಬಿಟ್ಟು ಮತ್ತೆ ಪರೀಕ್ಷಿಸಿದಾಗ, ಯಾರೂ ಕಲಿಸದೆಯೇ ಗುರುತಿಸತೊಡಗಿದ್ದರು. ಅವರ ದೃಷ್ಟಿಯ ಚುರುಕು ಕೊನೆಯವರೆಗೂ ಕಡಿಮೆಯೇ, ಆದರೆ ಕಾಣದಿರುವುದಕ್ಕೂ ಅದಕ್ಕೂ ಇರುವ ಅಂತರ ದೊಡ್ಡದು.

ಉತ್ತರ: ತಾಲ್ಲೂಕು ಆರೋಗ್ಯ ಸಿಬ್ಬಂದಿ, ಹಾವೇರಿ ಜಿಲ್ಲೆ

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆ ಮಾಡಬೇಕಾದ ತೊಂದರೆಗಳ ಪಟ್ಟಿಯಿದೆ. ಅದರಲ್ಲಿ ಹುಟ್ಟಿನಿಂದ ಬರುವ ಪೊರೆಯೂ ಒಂದು, ಅದರ ಚಿಕಿತ್ಸೆ ಈ ಕಾರ್ಯಕ್ರಮದಡಿ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿರುವ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ಶಿವಮೊಗ್ಗದ ವೈದ್ಯರ ಚೀಟಿಯನ್ನು ತೋರಿಸಿ ಹೆಸರು ಬರೆಸಿದರೆ ಮುಂದಿನ ಆಸ್ಪತ್ರೆಗೆ ಶಿಫಾರಸು ಪತ್ರ ಕೊಡುತ್ತಾರೆ. ಪತ್ರಕ್ಕಾಗಿ ಕಾದು ದಿನ ಕಳೆಯಬೇಡಿ, ಮನೆಯವರೊಬ್ಬರು ಪತ್ರದ ಕೆಲಸಕ್ಕೆ ಹೋಗಲಿ, ಮಗು ಪರೀಕ್ಷೆಗೆ ಹೋಗಲಿ.

ನಮ್ಮ ಕಡೆ ಮಾಡುವ ಇನ್ನೊಂದು ತಪ್ಪನ್ನೂ ಹೇಳಬೇಕು. ಬಿಳಿ ಚುಕ್ಕೆ ಕಂಡಾಗ ಎದೆಹಾಲು, ಹರಳೆಣ್ಣೆ, ಜೇನುತುಪ್ಪ, ಸೊಪ್ಪಿನ ರಸ ಎಂದು ಕಣ್ಣಿಗೆ ಹಿಂಡುತ್ತಾರೆ, ಕಾಡಿಗೆ ತೀಡುತ್ತಾರೆ. ಪೊರೆಯಿರುವುದು ಕಣ್ಣಿನ ಒಳಗೆ, ಯಾವ ರಸವೂ ಅಲ್ಲಿಗೆ ತಲುಪಿ ಅದನ್ನು ಕರಗಿಸುವುದಿಲ್ಲ, ಸೋಂಕು ಮಾತ್ರ ತಲುಪುತ್ತದೆ. ಸೋಂಕಿರುವ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡದೆ ಮುಂದೂಡುತ್ತಾರೆ.

ತಾಯಿಗೆ ಟಾರ್ಚ್ ಪರೀಕ್ಷೆ ಬರೆದರೆ ಗಾಬರಿಯಾಗಬೇಡಿ. ಅದು ಬೆಳಕಿನ ಟಾರ್ಚ್ ಅಲ್ಲ, ಗರ್ಭದಲ್ಲಿ ಮಗುವಿಗೆ ತಗಲಬಹುದಾದ ಕೆಲವು ಸೋಂಕುಗಳ ರಕ್ತಪರೀಕ್ಷೆ. ಅವುಗಳಲ್ಲಿ ಮುಖ್ಯವಾದದ್ದು ರುಬೆಲ್ಲಾ. 1941ರಲ್ಲಿ ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್, ತಮ್ಮಲ್ಲಿಗೆ ಬರುತ್ತಿದ್ದ ಪೊರೆಗಣ್ಣಿನ ಕೂಸುಗಳ ತಾಯಂದಿರಲ್ಲಿ ಹೆಚ್ಚಿನವರಿಗೆ ಬಸುರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದಿತ್ತೆಂಬುದನ್ನು ಗಮನಿಸಿ ವರದಿ ಮಾಡಿದರು. ಮೈಮೇಲೆ ಸಣ್ಣ ಗುಳ್ಳೆ ಎದ್ದು ಮೂರು ದಿನಕ್ಕೆ ಹೋಗುವ ಜ್ವರ ಗರ್ಭದ ಮಗುವಿನ ಕಣ್ಣು, ಕಿವಿ, ಹೃದಯಗಳನ್ನು ಕೆಡಿಸಬಲ್ಲದೆಂದು ಜಗತ್ತಿಗೆ ತಿಳಿದದ್ದು ಹಾಗೆ. ದಡಾರ ಮತ್ತು ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ 2017ರ ಫೆಬ್ರುವರಿಯಲ್ಲಿ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆಗ 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ಶಾಲೆ, ಅಂಗನವಾಡಿಗಳಲ್ಲಿ ಚುಚ್ಚುಮದ್ದು ಹಾಕಿದೆವು. ಮಗುವಿಗೆ 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಆ ಲಸಿಕೆಯನ್ನು ತಪ್ಪದೆ ಹಾಕಿಸಿ. ಬಸುರಿಯಿರುವಾಗ ಮಾತ್ರ ಅದನ್ನು ಹಾಕಿಸಿಕೊಳ್ಳುವಂತಿಲ್ಲ.

ಮರುಬರಹ: ಸೋದರಮಾವ, ತೀರ್ಥಹಳ್ಳಿ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಅಂದು ರಾತ್ರಿ ಊಟವಾದ ಮೇಲೆ ಎಲ್ಲವನ್ನೂ ಜೋರಾಗಿ ಓದಿದೆ. ಎಳನೀರಿನ ಗಂಜಿಯ ಮಾತು ಬಂದಾಗ ಅಪ್ಪ ಇನ್ನೊಮ್ಮೆ ಓದು ಎಂದರು. ಅಮ್ಮ ಏನೂ ಹೇಳದೆ ಎದ್ದು ಹೋದರು. ಬೆಳಿಗ್ಗೆ ನೋಡಿದರೆ ಬಾಣಂತಿಯ ಲೇಹ್ಯ, ಮಗುವಿನ ಹಳೆ ಸೀರೆಯ ಬಟ್ಟೆಗಳು, ಬಿಸಿನೀರಿನ ಫ್ಲಾಸ್ಕು ಎಲ್ಲವೂ ಚೀಲಕ್ಕೆ ಸೇರಿದ್ದವು.

ನಿನ್ನೆ ಬೆಂಗಳೂರಿನಲ್ಲಿ ಬಿ-ಸ್ಕ್ಯಾನ್ ಆಯಿತು. ಗಡ್ಡೆ ಇಲ್ಲ, ಅಕ್ಷಿಪಟ ಚೆನ್ನಾಗಿದೆ ಎಂದರು. ಉಳಿದುಕೊಂಡ ರಕ್ತನಾಳದ ಸಣ್ಣ ಎಳೆಯೊಂದು ಪೊರೆಯ ಹಿಂಬದಿಗೆ ಅಂಟಿಕೊಂಡಿದೆಯಂತೆ. ಶಸ್ತ್ರಚಿಕಿತ್ಸೆ ನಾಡಿದ್ದು ಬೆಳಿಗ್ಗೆ, ಅಂದಿಗೆ ಮಗುವಿಗೆ 44 ದಿನ. ಲೆನ್ಸು ಈಗ ಹಾಕುವುದಿಲ್ಲ, ಮೊದಲು ಕನ್ನಡಕ ಎಂದಿದ್ದಾರೆ. ಮಕ್ಕಳ ವೈದ್ಯರು ಹೃದಯವನ್ನೂ ಪರೀಕ್ಷಿಸಿ ಒಪ್ಪಿಗೆ ಕೊಟ್ಟರು. ಎದೆಹಾಲನ್ನು ನಾಲ್ಕು ತಾಸು ಮೊದಲು ನಿಲ್ಲಿಸಬೇಕಂತೆ, ಆ ನಾಲ್ಕು ತಾಸು ಮಗುವನ್ನು ಹೇಗೆ ಸಮಾಧಾನಪಡಿಸುವುದೆಂಬುದೇ ಈಗ ತಂಗಿಯ ಚಿಂತೆ.

ಉತ್ತರ: ಮಂಡಕ್ಕಿ ಅಮ್ಮ, ದಾವಣಗೆರೆ

ನಾಲ್ಕು ತಾಸಿನಲ್ಲಿ ಮೊದಲ ಎರಡು ತಾಸು ಅವಳು ನಿದ್ದೆಯಲ್ಲಿರುವಂತೆ, ನಿಲ್ಲಿಸುವ ಹೊತ್ತಿಗೆ ಸರಿಯಾಗಿ ಎಬ್ಬಿಸಿ ಹೊಟ್ಟೆ ತುಂಬ ಕುಡಿಸಿ. ಆಮೇಲೆ ತಂಗಿಯ ಬದಲು ನೀವೇ ಎತ್ತಿಕೊಳ್ಳಿ, ತಾಯಿಯ ಹಾಲಿನ ವಾಸನೆ ಬಂದರೆ ಮಗು ಇನ್ನಷ್ಟು ಅಳುತ್ತದೆ. ಸೋದರಮಾವನಿಗೆ ಅಷ್ಟು ಕೆಲಸ ಇರಲಿ. ಶಸ್ತ್ರಚಿಕಿತ್ಸೆಯ ನಂತರ ಒಂದೊಂದು ತಾಸಿಗೆ ಒಂದೊಂದು ಬಗೆಯ ಹನಿ ಹಾಕಲು ಹೇಳುತ್ತಾರೆ, ಬಾಟಲಿಗಳ ಮುಚ್ಚಳದ ಬಣ್ಣವನ್ನು ಹೊತ್ತಿನ ಎದುರಿಗೆ ಬರೆದು ಗೋಡೆಗೆ ಅಂಟಿಸಿಕೊಳ್ಳಿ, ಎರಡು ಹನಿಗಳ ನಡುವೆ ಐದು ನಿಮಿಷ ಬಿಡಿ. ಕಣ್ಣು ಕೆಂಪೇರಿದರೆ, ರೆಪ್ಪೆ ಊದಿದರೆ, ಕೀವು ಕಂಡರೆ, ಬೆಳಕಿಗೆ ಕಣ್ಣೇ ತೆರೆಯದಿದ್ದರೆ ಮರುದಿನದವರೆಗೆ ಕಾಯದೆ ಅಲ್ಲಿಗೇ ಫೋನು ಮಾಡಿ. ಕೈಚೀಲಗಳನ್ನು ಈಗಲೇ ಹೊಲಿಸಿಟ್ಟುಕೊಳ್ಳಿ, ಹತ್ತಿ ಬಟ್ಟೆಯವು, ನಾಲ್ಕು ಜೊತೆಯಾದರೂ ಬೇಕಾಗುತ್ತವೆ.